ಹೊಳೆನರಸೀಪುರದ ಮಾಲ್ಟಾ, ಹಾಸನದ ಫ್ರಾನ್ಸು

ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗೆ ರಾಜಕೀಯ ಬರುವುದಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ನಮಗೆ ಬರದಿದ್ದರೂ ಅದು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಹೊಳೆನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುವ ನನಗೆ, ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಯಾರು ಕೂರಬೇಕು ಅನ್ನುವುದರಿಂದ ಹಿಡಿದು ಪರೀಕ್ಷೆ ಡ್ಯೂಟಿ ಯಾರ ತಲೆಗೆ ಕಟ್ಟಬೇಕು ಅನ್ನುವವರೆಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಆದರೆ ಪ್ರಪಂಚದ ಶಾಂತಿ ಕಾಪಾಡಲು ಹೋಗಿ ನನ್ನ ಮನಸ್ಸಿನ ಶಾಂತಿ ಕಳೆದುಕೊಂಡಿದ್ದು ಮಾತ್ರ ಹೋದ ವರ್ಷವೇ.

ಜಿಲ್ಲೆಯ ಪಿಯು ಕಾಲೇಜುಗಳಿಗೆಲ್ಲ ಸೇರಿಸಿ ಹಾಸನದಲ್ಲಿ ಒಂದು ಅಣಕು ವಿಶ್ವಸಂಸ್ಥೆ ನಡೆಸುವುದು ಅಂತಾಯಿತು. ಮಕ್ಕಳು ಒಂದೊಂದು ದೇಶದ ರಾಯಭಾರಿಗಳಾಗಿ ಭದ್ರತಾ ಮಂಡಳಿಯಲ್ಲಿ ಕೂರಬೇಕು. ಒಳಜಗಳದಲ್ಲಿ ಬೇಯುತ್ತಿರುವ ಒಂದು ಕಾಲ್ಪನಿಕ ದೇಶಕ್ಕೆ ಶಾಂತಿಪಾಲನಾ ಪಡೆ ಕಳಿಸಲು ನಿರ್ಣಯ ಮಾಡಬೇಕು. ಹದಿನೈದು ದೇಶಗಳಲ್ಲಿ ಒಂಬತ್ತರ ಓಟು ಬೇಕು. ಜೊತೆಗೆ ಐದು ದೊಡ್ಡ ದೇಶಗಳಲ್ಲಿ ಒಂದೂ 'ಬೇಡ' ಅನ್ನಬಾರದು. ಅಂದರೆ ಎಲ್ಲ ಒಪ್ಪಿದ ಮದುವೆಯನ್ನು ಸೋದರಮಾವ ಒಬ್ಬನೇ ನಿಲ್ಲಿಸಿದ ಹಾಗೆ. ಅದಕ್ಕೆ ವೀಟೋ ಅನ್ನುತ್ತಾರೆ.

ಇದರಲ್ಲಿ ನನಗೆ ಎದುರಾಳಿ ಹಾಸನದ ಮೇಡಂ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ಆಮೇಲೆ ಅವಳಿಗೆ ಹಾಸನದಲ್ಲಿ ಕೆಲಸವಾಯಿತು, ನನಗೆ ಹೊಳೆನರಸೀಪುರದಲ್ಲಿ. ಅವಳ ಕ್ಲಾಸ್ ರೂಮಿನಲ್ಲಿ ಪ್ರೊಜೆಕ್ಟರ್ ಇದೆ, ನನ್ನ ಕ್ಲಾಸ್ ರೂಮಿನಲ್ಲಿ ಪಾರಿವಾಳ ಇದೆ. ಇದಕ್ಕೆಲ್ಲ ನಾನು ಹೊಟ್ಟೆಕಿಚ್ಚು ಪಡುವವಳಲ್ಲ. ಹೊಟ್ಟೆಯೊಳಗೆ ಒಂದಿಷ್ಟು ಬೆಚ್ಚಗಾಗುತ್ತದೆ, ಅಷ್ಟೇ.

ಚೀಟಿ

ಯಾವ ಕಾಲೇಜಿಗೆ ಯಾವ ದೇಶ ಅಂತ ಚೀಟಿ ಎತ್ತಿಸಿದರು. ಹಾಸನದ ಮೇಡಂ ಡಬ್ಬಿಗೆ ಕೈ ಹಾಕಿದಳು, ಫ್ರಾನ್ಸ್ ಬಂತು. ವೀಟೋ ಸಮೇತ. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿ, "ಅಯ್ಯೋ, ಇನ್ಮೇಲೆ ಜವಾಬ್ದಾರಿ ಜಾಸ್ತಿ ಕಣೇ" ಅಂದಳು. ಹೊಸಾ ಚಿನ್ನದ ಸರ ಹಾಕಿಕೊಂಡು ಕತ್ತು ನೋವು ಅನ್ನುತ್ತಾರಲ್ಲ, ಹಾಗೆ.

ನಾನು ಮನೆದೇವರನ್ನು ನೆನೆದುಕೊಂಡು ಕೈ ಹಾಕಿದೆ. ಅಮೆರಿಕ, ರಷ್ಯಾ ಕೇಳುವಷ್ಟು ದುರಾಸೆ ನನಗಿಲ್ಲ. ಇವಳ ಎದುರು ತಲೆಯೆತ್ತಿ ಕೂರುವುದಕ್ಕೆ ಒಂದು ಬ್ರಿಟನ್ ಆದರೂ ಸಾಕಿತ್ತು. ಚೀಟಿ ಬಿಚ್ಚಿದರೆ ಮಾಲ್ಟಾ! ಯುರೋಪಿನ ಕೆಳಗೆ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಕಾಲೇಜಿಗೆ ಬಂದು ಗೋಡೆಯ ಮೇಲಿನ ಭೂಪಟದಲ್ಲಿ ಹುಡುಕಿದೆ. ಮಾಲ್ಟಾ ಇರಬೇಕಾದ ಜಾಗದಲ್ಲಿ ಯಾರೋ ಮೊಳೆ ಹೊಡೆದಿದ್ದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು.

"ಏನಮ್ಮಾ, ಹಾಸನದಲ್ಲಿ ನಮಗೇನ್ ಸಿಕ್ತು?"

"ಮಾಲ್ಟಾ ಸಾರ್."

"ಬಾಳ ಒಳ್ಳೇದಾಯ್ತು. ಬಿಸಿಲು ಬೇರೆ, ಮಕ್ಕಳಿಗೆ ತಂಪು" ಅಂದವರು ಒಂದು ಕ್ಷಣ ಯೋಚಿಸಿ ಕೇಳಿದರು, "ರಾಗೀದೋ, ಬಾರ್ಲೀದೋ?"

ಅರಕಲಗೂಡಿನ ಬ್ರೆಜಿಲ್

ಶಾಂತಿಪಡೆ ಕಳಿಸುವ ನಿರ್ಣಯ ನಮ್ಮ ಮಾಲ್ಟಾದ್ದು ಅಂತ ಮೊದಲು ಸಾರಿದ್ದು ನಾನು. ವಾರ ಕಳೆಯುವುದರೊಳಗೆ ಫ್ರಾನ್ಸೂ ಒಂದು ನಿರ್ಣಯ ತರುತ್ತದಂತೆ ಅಂತ ಸುದ್ದಿ ಬಂತು. ಎರಡು ಬಂದರೆ, ಯಾವುದಕ್ಕೆ ಬೆಂಬಲ ಹೆಚ್ಚೋ ಅದನ್ನೇ ಓಟಿಗೆ ಹಾಕುವುದು ಅಂತ ನಿಯಮ. ನನಗೆ ಅವತ್ತು ಊಟ ಸೇರಲಿಲ್ಲ.

ನಮ್ಮ ಮಾಲ್ಟಾ ರಾಯಭಾರಿ ಹಳೇಕೋಟೆಯಿಂದ ಬರುವ ಹುಡುಗಿ. ಒಳ್ಳೆ ಮಾತುಗಾತಿ. "ಮೇಡಂ, ಬೇರೆ ಕಾಲೇಜಿನೋರ್ ಹತ್ರ ನಾವೇ ಮಾತಾಡ್ಕತೀವಿ ಬಿಡಿ" ಅಂದಳು. "ನಿನಗೇನು ಗೊತ್ತಮ್ಮಾ ರಾಜತಾಂತ್ರಿಕತೆ? ಅದು ದೊಡ್ಡವರ ಕೆಲಸ" ಅಂತ ಅವಳನ್ನು ಕೂರಿಸಿ, ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದು ಭಾನುವಾರ ಅರಕಲಗೂಡಿಗೆ ಹೊರಟೆ. ಅಲ್ಲಿನ ಮೇಷ್ಟ್ರ ಕಾಲೇಜಿಗೆ ಬ್ರೆಜಿಲ್ ಬಂದಿತ್ತು.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ. "ಬನ್ನಿ ಬನ್ನಿ! ನೀವು ಹಾಸನದ ಮೇಡಂ ಫ್ರೆಂಡು ಅಲ್ವಾ?" ಅಂದರು. ಹೊಸ್ತಿಲಲ್ಲೇ ನನ್ನ ಅರ್ಧ ಜೀವ ಹೋಯಿತು. ನನಗೂ ಒಂದು ಹೆಸರಿದೆ, ಒಂದು ಊರಿದೆ.

ಒಳಗೆ ಕೂತು ನಿರ್ಣಯವನ್ನು ವಿವರಿಸಿದೆ. ಪಡೆ ಎಷ್ಟು ತಿಂಗಳು ಇರಬೇಕು, ಆಸ್ಪತ್ರೆಗಳಿಗೆ ಕಾವಲು ಹೇಗೆ, ನಿರಾಶ್ರಿತರಿಗೆ ದಾರಿ ಯಾವುದು, ಎಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, "ಬ್ರೆಜಿಲ್ ಇನ್ನೂ ಮನಸ್ಸು ಮಾಡಿಲ್ಲ ಮೇಡಂ" ಅಂದರು. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆಯಲ್ಲಿ ಮೈಸೂರ್‌ಪಾಕ್ ತಂದಿಟ್ಟರು. ಒಂದು ಚೂರು ಬಾಯಿಗಿಟ್ಟೆ, ಬೆಣ್ಣೆಯ ಹಾಗೆ ಕರಗಿತು. ಬ್ರೆಜಿಲ್ ಒಲಿಯಬೇಕಾದರೆ ಮೊದಲು ಅಡುಗೆಮನೆ ಒಲಿಯಬೇಕು ಅಂತ ಲೆಕ್ಕ ಹಾಕಿ ಹೊಗಳಲು ಶುರುಮಾಡಿದೆ.

"ಅಕ್ಕಾ, ಏನ್ ಹದ! ಏನ್ ಘಮ! ಇಂಥ ಕೈ ಜಿಲ್ಲೇಲೇ ಇನ್ನೊಂದಿಲ್ಲ ಬಿಡಿ." ಮಾತಿಗೆ ಸಾಕ್ಷಿಯಾಗಿ ಎರಡನೇ ತುಂಡನ್ನೂ ಬಾಯಿಗೆ ಹಾಕಿಕೊಂಡೆ.

"ಅಯ್ಯೋ, ನಂಗೆಲ್ಲಿ ಬತ್ತದೆ? ನೆನ್ನೆ ಹಾಸನದ ಮೇಡಂ ಬಂದಿದ್ರಲ್ಲ, ಅವ್ರೇ ಮಾಡ್ಕಂಡ್ ಬಂದಿದ್ರು. ತಡೀರಿ, ಅವ್ರಿಗೆ ಫೋನ್ ಮಾಡಿ ನೀವ್ ಇಂಗಂದ್ರಿ ಅಂತ ಹೇಳ್ತೀನಿ."

ಬಾಯಲ್ಲಿದ್ದ ತುಂಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮೇಷ್ಟ್ರು ನನ್ನ ಸಂಕಟ ನೋಡಿ ಸಮಾಧಾನ ಹೇಳಿದರು.

"ನಿಮ್ ನಿರ್ಣಯಾನೂ ಚೆನ್ನಾಗೇ ಅದೆ ಮೇಡಂ. ಆದ್ರೆ ಅದ್ರಲ್ಲಿ ತುಪ್ಪ ಇಲ್ಲ."

ಹಲ್ಲುನೋವು, ನಾಮಕರಣ

ಬ್ರೆಜಿಲ್ ಹೋದರೆ ಹೋಗಲಿ, ಚೀನಾ ಹಿಡಿಯೋಣ ಅಂದುಕೊಂಡೆ. ಚೀನಾ ಇದ್ದದ್ದು ಚನ್ನರಾಯಪಟ್ಟಣದ ಮೇಷ್ಟ್ರ ಹತ್ತಿರ. ಫೋನು ಮಾಡಿ, "ಶನಿವಾರ ಮಧ್ಯಾಹ್ನ ಬತ್ತೀನಿ, ಯಾರಿಗೂ ಹೇಳಬೇಡಿ" ಅಂದೆ. ಅವತ್ತು ಹಾಸನದಲ್ಲಿ ಒಂದು ಮೀಟಿಂಗಿತ್ತು. ಅದು ಮುಗಿದ ತಕ್ಷಣ ಚನ್ನರಾಯಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ.

ಶಾಂತಿಗ್ರಾಮದಲ್ಲಿ ಬಸ್ಸು ನಿಂತಿತು. ಹತ್ತಿದ್ದು ಯಾರು? ಹಾಸನದ ಮೇಡಂ! ಶಾಂತಿಗ್ರಾಮ ಅವಳ ತವರು. ಅದನ್ನೂ ಅವಳು ಸುಮ್ಮನೆ ಬಿಟ್ಟಿರಲಿಲ್ಲ. ಎಲ್ಲಿ ಮೈಕು ಸಿಕ್ಕಿದರೂ, "ಶಾಂತಿ ಅನ್ನೋದು ನನ್ನ ಹುಟ್ಟೂರಿನ ಹೆಸರಲ್ಲೇ ಇದೆ" ಅಂತ ಶುರುಮಾಡುತ್ತಿದ್ದಳು. ಚಪ್ಪಾಳೆ ಬೀಳುತ್ತಿತ್ತು. ನನ್ನ ತವರು ಬಾಗೂರು. ಬಾಗೂರನ್ನು ಇಟ್ಟುಕೊಂಡು ನಾನು ಯಾವ ಭಾಷಣ ಶುರುಮಾಡಲಿ?

ಅವಳು ನನ್ನನ್ನು ನೋಡಿ ಬೆಚ್ಚಿದಳು. ನಾನೂ ಬೆಚ್ಚಿದೆ. ಇಬ್ಬರೂ ನಕ್ಕೆವು. ಬೇರೆ ಸೀಟಿಲ್ಲದೆ ನನ್ನ ಪಕ್ಕದಲ್ಲೇ ಕೂತಳು.

"ಎಲ್ಲಿಗೆ ಹೊರಟೆ?" ಅಂದಳು.

"ತವರಿಗೆ. ಅಣ್ಣನ ಮೊಮ್ಮಗೂದು ನಾಮಕರಣ. ನೀನು?"

ಅವಳು ಬಲಗೆನ್ನೆ ಹಿಡಿದುಕೊಂಡು, "ಹಲ್ಲುನೋವು ಕಣೇ. ಪಟ್ಟಣದಲ್ಲಿ ಒಬ್ರು ಡಾಕ್ಟ್ರಿದ್ದಾರೆ" ಅಂದಳು.

"ಹಾಸನದಲ್ಲಿ ಹಲ್ಲಿನ ಡಾಕ್ಟ್ರು ಇಲ್ವಾ?"

"ಇದ್ದಾರೆ, ಆದ್ರೆ ಇವರ ಕೈಗುಣ ಚೆನ್ನಾಗಿದೆ."

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅವಳು ಒಂದು ದಿಕ್ಕಿಗೆ ಹೋದಳು, ನಾನು ಬಾಗೂರಿನ ಬಸ್ಸು ಹುಡುಕುವವಳ ಹಾಗೆ ಅತ್ತಿತ್ತ ನೋಡಿ ಇನ್ನೊಂದು ದಿಕ್ಕಿಗೆ ಹೋದೆ. ಯಾವ್ಯಾವುದೋ ಸಂದಿ ಸುತ್ತಿ ಬೆವರು ಸುರಿಸಿಕೊಂಡು ಮೇಷ್ಟ್ರ ಮನೆ ಗೇಟಿಗೆ ಕೈ ಇಟ್ಟೆ. ಆ ಕಡೆಯಿಂದ ಇನ್ನೊಂದು ಕೈ ಬಂದು ಅದೇ ಗೇಟಿನ ಮೇಲೆ ಕೂತಿತು. ಅವಳೇ. ತಕ್ಷಣ ಕೆನ್ನೆ ಹಿಡಿದುಕೊಂಡಳು. ಈ ಸಲ ಎಡಗೆನ್ನೆ.

ಮೇಷ್ಟ್ರು ಹೊರಗೆ ಬಂದು, "ಬನ್ನಿ ಮೇಡಂ, ಬನ್ನಿ. ಇಬ್ರೂ ಒಂದೇ ಹೊತ್ತಿಗೆ ಗುಟ್ಟಾಗಿ ಬತ್ತೀವಿ ಅಂದಿದ್ರಲ್ಲ, ಕಾಫಿ ಒಟ್ಟಿಗೇ ಸೋಸಿಟ್ಟಿದ್ದೀನಿ" ಅಂದರು.

ಕಾಫಿ ಕುಡಿಯುತ್ತ ಯಾರೂ ಚೀನಾದ ಮಾತೆತ್ತಲಿಲ್ಲ. ಕೊನೆಗೆ ಹಾಸನದ ಮೇಡಂ ಸಕ್ಕರೆಯಂಥ ದನಿಯಲ್ಲಿ, "ಮಗೂಗೆ ಏನ್ ಹೆಸರಿಟ್ರಿ?" ಅಂತ ಕೇಳಿದಳು.

"ಇನ್ನೂ ಇಟ್ಟಿಲ್ಲ" ಅಂದೆ. "ನಿನ್ನ ಹಲ್ಲು ಬಿದ್ದ ಮೇಲೆ ಇಡೋಣ ಅಂತಿದ್ದೀವಿ."

ತಟಸ್ಥ

ಇಬ್ಬರು ಹೆಂಗಸರ ನಡುವೆ ಸಿಕ್ಕಿಕೊಂಡ ಚನ್ನರಾಯಪಟ್ಟಣದ ಮೇಷ್ಟ್ರು ಕೊನೆಗೆ ಒಂದು ಉಪಾಯ ಮಾಡಿದರು. ಚೀನಾ ತಟಸ್ಥ. ಪರವೂ ಇಲ್ಲ, ವಿರೋಧವೂ ಇಲ್ಲ. ತಮ್ಮ ಹುಡುಗನಿಗೆ, "ನೋಡಪ್ಪಾ, ಅಲ್ಲಿ ಏನೇ ಆಗ್ಲಿ, ಯಾರೇ ಕೇಳ್ಲಿ, ನೀನು ಕೈ ಎತ್ತಬೇಡ" ಅಂತ ಹೇಳಿ ಕಳಿಸಿದ್ದರು.

ಹಾಸನದ ಸಭಾಂಗಣದಲ್ಲಿ ಸಭೆ ಶುರುವಾಯಿತು. ಹಾಜರಾತಿಗೆ ಒಂದೊಂದೇ ದೇಶ ಕೂಗಿದರು. ಕೂಗಿದ ದೇಶ ಕೈ ಎತ್ತಬೇಕು. "ಚೀನಾ" ಅಂದರು. ಹುಡುಗ ಕಲ್ಲಿನ ಹಾಗೆ ಕೂತಿದ್ದ. ಚೀನಾ ಗೈರು ಅಂತ ಬರೆದುಕೊಂಡರು.

ಬೆಳಗಿನ ಭಾಷಣಗಳು ಮುಗಿದು ಊಟಕ್ಕೆ ಕೂತೆವು. ಬಡಿಸುವವರು, "ಅನ್ನ ಬೇಕಾದೋರು ಕೈ ಎತ್ತಿ" ಅಂದರು. ಚೀನಾ ಎತ್ತಲಿಲ್ಲ. ಹುಳಿ ಬಂತು, ಪಲ್ಯ ಬಂತು, ಹುಡುಗ ಉಗುಳು ನುಂಗುತ್ತಿದ್ದಾನೆಯೇ ಹೊರತು ಕೈ ಮೇಲೇಳುತ್ತಿಲ್ಲ. ಅವನ ಮೇಷ್ಟ್ರು ಓಡಿ ಬಂದರು.

"ಲೋ, ಊಟಕ್ಕಾದ್ರೂ ಕೈ ಎತ್ತೋ!"

"ನೀವೇ ಏಳಿದ್ರಲ್ಲ ಸಾ, ಏನೇ ಆದ್ರೂ ಎತ್ತಬ್ಯಾಡ ಅಂತ. ಓಟಿಂಗು ಇನ್ನೂ ಆಗಿಲ್ಲ."

ಅವರ ಶಿಷ್ಯನ ವಿಧೇಯತೆ ನೋಡಿ ನನಗೆ ಹೊಟ್ಟೆ ಉರಿಯಿತು. ನನ್ನ ಕ್ಲಾಸಿನವರಿಗೆ ಕೈ ಎತ್ತಬೇಡಿ ಅಂದರೆ ಎರಡೂ ಕೈ ಎತ್ತುತ್ತಾರೆ. ಅಷ್ಟರಲ್ಲಿ ಹಾಸನದ ಮೇಡಂ ಪಾಯಸದ ಬಕೆಟ್ಟನ್ನೇ ಹಿಡಿದುಕೊಂಡು ಬಂದು, "ಪಾಪ ಮಗು" ಅಂತ ಅವನ ಎಲೆಗೆ ಒಂದು ಸೌಟು ಹಾಕಿದಳು. ಓಟಿಗೆ ಗಾಳ! ನಾನು ಬಿಡುತ್ತೇನೆಯೇ? ಅವಳ ಕೈಯಿಂದ ಸೌಟು ಕಿತ್ತುಕೊಂಡು ಎರಡು ಸೌಟು ಹಾಕಿದೆ. ಅವಳು ಹಪ್ಪಳ ತಂದಳು. ನಾನು ವಡೆ ತಂದೆ. ಅವಳು ತುಪ್ಪ ಸುರಿದಳು. ಅಕ್ಕಪಕ್ಕದ ದೇಶಗಳು ಬರೀ ಅನ್ನ ತಿನ್ನುತ್ತ ಚೀನಾದ ಎಲೆಯನ್ನೇ ನೋಡುತ್ತಿದ್ದವು.

ಹುಡುಗ ವಡೆ ಮುರಿಯುತ್ತ ತನ್ನ ಮೇಷ್ಟ್ರನ್ನು ಕೇಳಿದ, "ಸಾ, ಮುಂದಿನ್ ವರ್ಸಾನೂ ಇದೇ ಪಾಲಿಸಿ ಇಟ್ಕಳನಾ?"

ಪ ಫ ಬ ಭ ಮ

ಮಧ್ಯಾಹ್ನ ಓಟಿನ ಹೊತ್ತು. ನನ್ನ ಲೆಕ್ಕದಲ್ಲಿ ಮಾಲ್ಟಾ ಗೆಲ್ಲುವ ಹಾಗಿತ್ತು. ಹಾಸನದ ಮೇಡಂ ಮುಖ ನೋಡಿದರೆ ಅವಳ ಲೆಕ್ಕದಲ್ಲಿ ಫ್ರಾನ್ಸ್ ಗೆಲ್ಲುವ ಹಾಗಿತ್ತು. ನಾವು ಸಭಾಂಗಣದ ಎರಡು ಮೂಲೆಗಳಲ್ಲಿ ಕೂತು ದುರುಗುಟ್ಟಿಕೊಂಡು ನೋಡುತ್ತಿದ್ದೆವು.

ನಮ್ಮ ಹಳೇಕೋಟೆ ಹುಡುಗಿ ಎದ್ದು ನಿಂತಳು. ಪಕ್ಕದಲ್ಲಿ ಫ್ರಾನ್ಸಿನ ಹುಡುಗಿಯೂ ಎದ್ದಳು. "ಸನ್ಮಾನ್ಯ ಅಧ್ಯಕ್ಷರೇ, ಎರಡು ನಿರ್ಣಯಗಳನ್ನೂ ಹಿಂಪಡೆದು, ಫ್ರಾನ್ಸ್ ಮತ್ತು ಮಾಲ್ಟಾ ಜಂಟಿಯಾಗಿ ಒಂದೇ ನಿರ್ಣಯ ಮಂಡಿಸುತ್ತಿವೆ" ಅಂದಳು ನಮ್ಮ ಹುಡುಗಿ.

ಎರಡು ಮೂಲೆಯಿಂದ ನಾವಿಬ್ಬರೂ "ಹಾ!" ಅಂತ ಎದ್ದು ನಿಂತೆವು. ಅಧ್ಯಕ್ಷರು ಕೂರಿ ಅಂತ ಗದರಿಸಿದರು.

ಓಟು ನಡೆಯಿತು. ಬ್ರೆಜಿಲ್ ಕೈ ಎತ್ತಿತು, ಅದರ ಹಿಂದೆ ಸಾಲುಸಾಲಾಗಿ ಕೈಗಳು. ಚೀನಾ ಎತ್ತಲಿಲ್ಲ, ಹೊಟ್ಟೆ ಭಾರವಾಗಿ ಅದಕ್ಕೆ ಎತ್ತುವ ಶಕ್ತಿಯೂ ಇರಲಿಲ್ಲ. ನಿರ್ಣಯ ಪಾಸಾಯಿತು. ಸಭಾಂಗಣವೆಲ್ಲ ಚಪ್ಪಾಳೆ.

ನಾನು ಹುಡುಗಿಯನ್ನು ಮೂಲೆಗೆ ಕರೆದೆ. "ನನ್ನನ್ನ ಒಂದು ಮಾತು ಕೇಳ್ದೆ ಅವಳ ಜೊತೆ ಸೇರ್ಕೊಂಡ್ಯಾ?"

"ಮೇಡಂ, ಅವ್ರ ಹತ್ರ ವೀಟೋ ಇತ್ತು, ನಮ್ ಹತ್ರ ಓಟಿತ್ತು. ಬ್ಯಾರೆ ಬ್ಯಾರೆ ನಿಂತಿದ್ರೆ ಇಬ್ರೂ ಬೀಳ್ತಿದ್ವಿ. ಆ ಬಡದೇಶಕ್ಕೆ ಶಾಂತಿಪಡೆ ಯಾರು ಕಳಿಸ್ತಿದ್ರು?"

ಮಾತು ನ್ಯಾಯವಾಗಿತ್ತು. ನನ್ನ ಹೊಟ್ಟೆ ಮಾತ್ರ ಒಪ್ಪಲಿಲ್ಲ.

"ಅದ್ಸರಿ. ಫ್ರಾನ್ಸ್ ಹೆಸರು ಯಾಕೆ ಮೊದಲು ಬಂತು? ಮಾಲ್ಟಾ ಮತ್ತು ಫ್ರಾನ್ಸ್ ಅನ್ನಬಹುದಿತ್ತಲ್ಲ?"

"ಅಕ್ಷರಮಾಲೆ ಪ್ರಕಾರ ಮೇಡಂ. ಪ ಫ ಬ ಭ ಮ."

ನಾನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ನಿಧಾನವಾಗಿ ಇನ್ನೊಮ್ಮೆ ಹೇಳಿಕೊಂಡೆ. ಎಷ್ಟು ಸಲ ಹೇಳಿದರೂ ಫ ಮೊದಲು, ಮ ಕೊನೆಗೆ. ಇಷ್ಟು ವರ್ಷ ಕನ್ನಡದಲ್ಲೇ ಪಾಠ ಮಾಡಿದ್ದೇನೆ, ಕೊನೆಗೆ ಕನ್ನಡದ ಅಕ್ಷರಗಳೂ ಹಾಸನದ ಕಡೆಗೇ ವಾಲಿದವು.

ಮೈಕು

ಬಹುಮಾನ ಕೊಡಲು ಬಂದವರು ಒಬ್ಬರು ನಿವೃತ್ತ ಸೈನಿಕರು, ಅರಕಲಗೂಡಿನವರು. ಆಫ್ರಿಕಾದಲ್ಲಿ ಶಾಂತಿಪಾಲನಾ ಪಡೆಯಲ್ಲಿ ಕೆಲಸ ಮಾಡಿ ಬಂದವರು. ಅವತ್ತು ಆ ಪಡೆಯ ನೀಲಿ ಟೋಪಿ ಹಾಕಿಕೊಂಡೇ ಬಂದಿದ್ದರು. ಭಾಷಣ ಗೀಷಣ ಮಾಡದೆ, ಮಾಲ್ಟಾ ಮತ್ತು ಫ್ರಾನ್ಸಿನ ಹುಡುಗಿಯರನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು.

"ಏನವ್ವಾ, ನಾವು ಬಂದೂಕ ಇಟ್ಕಂಡು ಓಗಿದ್ರೂ ಎರಡು ಕಡೆಯೋರ್ನ ಒಂದು ಮಾತಿಗೆ ತರಕ್ಕೆ ಆಗ್ತಿರ್ಲಿಲ್ಲ. ನೀವು ಎಂಗ್ ಒಪ್ಪಿಸಿದ್ರಿ?"

ನಮ್ಮ ಹುಡುಗಿ ಮೈಕು ಹಿಡಿದು ಹೇಳಿದಳು, "ಸಾ, ಜಗಳ ಆಡೋರನ್ನ ತಡೀಬಾರ್ದು ಸಾ. ಅವ್ರ ಪಾಡಿಗೆ ಓಡಾಡಕ್ಕೆ ಬಿಡ್ಬೇಕು. ಅವ್ರು ಬಸ್ಸು ಹತ್ತಿ ಇಳೀತಿರ್ತಾರೆ, ಸ್ವೀಟ್ ಹಂಚ್ತಿರ್ತಾರೆ, ಒಬ್ರಿಗೊಬ್ರು ಕಾಣ್ದಂಗೆ ಸಂದೀಲಿ ಓಡ್ತಿರ್ತಾರೆ. ಆ ಟೈಮಲ್ಲಿ ನಾವು ಫೋನಲ್ಲಿ ಗ್ರೂಪ್ ಮಾಡ್ಕಂಡು, ಎಲ್ಲಾರ್ನೂ ಮಾತಾಡ್ಸಿ, ಒಪ್ಪಂದ ಮುಗಿಸ್ಕಬೇಕು."

ಸೈನಿಕರಿಗೆ ಆಶ್ಚರ್ಯವಾಯಿತು. "ಒಪ್ಪಂದ ಯಾವಾಗ ಮುಗಿದಿತ್ತು?"

"ಹೋದ ತಿಂಗಳೇ ಸಾ."

"ಬಸ್ಸಲ್ಲಿ ಓಡಾಡೋರು ಅಂದ್ಯಲ್ಲ, ಅವ್ರು ಯಾವ್ ದೇಶದೋರವ್ವ?"

ನಮ್ಮ ಹುಡುಗಿ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಫ್ರಾನ್ಸಿನ ಹುಡುಗಿ ಮೈಕಿಗೆ ಬಗ್ಗಿ ಹೇಳಿದಳು:

"ದೇಶ ಅಲ್ಲ ಸಾರ್, ಸ್ಟಾಫು."

ಶೀಲ್ಡು

ಜಂಟಿ ನಿರ್ಣಯಕ್ಕೆ ಜಂಟಿ ಬಹುಮಾನ. ಆದರೆ ಶೀಲ್ಡು ಒಂದೇ. ಮರದ ಹಲಗೆಯ ಮೇಲೆ ಒಳ್ಳೆ ಹಿತ್ತಾಳೆ ತಗಡು, ಮೊಳದುದ್ದ. ನಮ್ಮಿಬ್ಬರನ್ನೂ ವೇದಿಕೆಗೆ ಕರೆದರು. ನಾನು ಈ ತುದಿ ಹಿಡಿದೆ, ಅವಳು ಆ ತುದಿ ಹಿಡಿದಳು. ಫೋಟೋ ಆಯಿತು. ಯಾರೂ ಬಿಡಲಿಲ್ಲ.

"ಮೊದಲು ಆರು ತಿಂಗಳು ನಮ್ಮಲ್ಲಿರ್ಲಿ" ಅಂದಳು ಹಾಸನದ ಮೇಡಂ, ನಗುತ್ತಲೇ ಎಳೆಯುತ್ತ.

"ಸಣ್ಣ ದೇಶಕ್ಕೆ ಮೊದಲ ಹಕ್ಕು" ಅಂದೆ ನಾನು, ನಗುತ್ತಲೇ ಎಳೆಯುತ್ತ.

ಕೆಳಗೆ ಜನ ಎದ್ದು ಹೋಗಲು ಶುರುಮಾಡಿದರು. ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ನಾವು ಹಾಗೇ ನಿಂತಿದ್ದೆವು. ಸೈನಿಕರು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಬಂದು ಇಬ್ಬರ ಕೈಯಿಂದಲೂ ಶೀಲ್ಡನ್ನು ಮೆಲ್ಲಗೆ ಬಿಡಿಸಿಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡರು.

"ನೀವಿಬ್ರೂ ಒಂದು ಒಪ್ಪಂದಕ್ಕೆ ಬರೋಗಂಟ ಇದು ನಮ್ಮನೇಲಿರ್ಲಿ. ಜಗಳದ ಜಾಗಾನ ನಮ್ ಪಡೆ ಇಂಗೇ ವಶಕ್ಕೆ ತಗತಿದ್ದಿದ್ದು ಕಣವ್ವಾ" ಅಂತ ಹೇಳಿ ಅರಕಲಗೂಡಿನ ಬಸ್ಸು ಹತ್ತಿಬಿಟ್ಟರು.

ಒಪ್ಪಂದ ಆಗಲಿಲ್ಲ. ಒಂದು ತಿಂಗಳಾದ ಮೇಲೆ ತಡೆಯಲಾರದೆ, ಶೀಲ್ಡು ಹೇಗಿದೆಯೋ ನೋಡಿ ಬರೋಣ ಅಂತ ಅರಕಲಗೂಡಿಗೆ ಹೋದೆ. ಸೈನಿಕರು ತೋಟಕ್ಕೆ ಹೋಗಿದ್ದರು. ಅವರ ಹೆಂಡತಿ ಒಳಗೆ ಕರೆದು ಕೂರಿಸಿದರು. ಶೀಲ್ಡು ಟಿವಿಯ ಪಕ್ಕದಲ್ಲಿತ್ತು. ಎರಡೂ ಊರಿನ ಹೆಸರನ್ನು ಚೆನ್ನಾಗಿ ಕೆತ್ತಿಸಿದ್ದರು, ಎಡಗಡೆ ಹಾಸನ, ಬಲಗಡೆ ಹೊಳೆನರಸೀಪುರ.

ಹತ್ತಿರ ಹೋಗಿ ನೋಡಿದೆ. ಹಾಸನ ಅಂತ ಬರೆದ ಕಡೆ ಹಿತ್ತಾಳೆ ಚಿನ್ನದ ಹಾಗೆ ಫಳಫಳ ಹೊಳೆಯುತ್ತಿತ್ತು. ಹೊಳೆನರಸೀಪುರದ ಕಡೆ ಕಪ್ಪಿಟ್ಟು ಮಂಕಾಗಿತ್ತು. ಎರಡರ ಮಧ್ಯೆ ಗೆರೆ ಎಳೆದ ಹಾಗಿತ್ತು.

"ಅಕ್ಕಾ, ಇದೇನಿದು ಹಿಂಗಾಗಿದೆ?"

"ಓದ್ವಾರ ಹಾಸನದ ಮೇಡಂ ಬಂದಿದ್ರು ಕಣಮ್ಮ. ಹುಣಸೆಹಣ್ಣು ಕೇಳಿ ಇಸ್ಕಂಡು ಉಜ್ಜಿದ್ರು. ಅವ್ರ ಕಡೆ ಆದೇಟ್ಗೆ ಕೈ ನೋವು ಅಂತ ನಿಲ್ಲಿಸ್ಬುಟ್ರು."

"ನನಗೂ ಒಂಚೂರು ಹುಣಸೆಹಣ್ಣು ಕೊಡಿ ಅಕ್ಕಾ" ಅಂದೆ. ಸೆರಗು ಸಿಕ್ಕಿಸಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತು ಹೊಳೆನರಸೀಪುರವನ್ನು ಉಜ್ಜಿದೆ. ಹಾಸನಕ್ಕಿಂತ ಒಂದು ಕೈ ಮೇಲಾಗುವವರೆಗೂ ಉಜ್ಜಿದೆ. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಅಕ್ಕ ಬಾಗಿಲಿಗೆ ಒರಗಿ ಎಲೆ ಅಡಿಕೆ ಹಾಕುತ್ತ ಎಲ್ಲವನ್ನೂ ನೋಡುತ್ತಿದ್ದರು.

"ಏನ್ ಚೆಂದ ಉಜ್ತೀರಮ್ಮ ನೀವು! ಹಾಸನದ ಮೇಡಮ್ಮೂ ಅಂಗೇಯ, ಭಾಳ ಒಳ್ಳೇರು. ಹುಣಸೆಹಣ್ಣು ಮಿಕ್ಕದಲ್ಲ ಅಂತ ನಮ್ಮನೆ ಚೊಂಬ್ನೂ ಉಜ್ಜಿಕೊಟ್ಟು ಓದ್ರು."

ಶೀಲ್ಡನ್ನು ಪಕ್ಕಕ್ಕಿಟ್ಟು ಅವರನ್ನೇ ನೋಡಿದೆ.

"ಎಷ್ಟು ಚೊಂಬು ಉಜ್ಜಿದಳು?"

"ಎರಡು."

ಅವತ್ತು ಸಂಜೆ ಬಸ್ಸಿಗೆ ಹೊರಡುವಷ್ಟರಲ್ಲಿ ನಾನು ಅವರ ಮನೆಯ ನಾಲ್ಕು ಚೊಂಬು, ಒಂದು ಜೊತೆ ದೀಪದ ಕಂಬ ಮತ್ತು ನೀರು ಕಾಯಿಸುವ ಹಂಡೆಯನ್ನು ಉಜ್ಜಿ ಬೋರಲು ಹಾಕಿದ್ದೆ.